ನಮ್ಮನೆಗೊಂದು ಬಂದೂಕು

ಇಪ್ಪತ್ತರಲ್ಲಿ ಬೈಕಿನ ಆಸೆ, ಮೂವತ್ತರಲ್ಲಿ ಸೈಟಿನ ಆಸೆ, ನಲವತ್ತರಲ್ಲಿ ಉದುರಿದ ಕೂದಲಿನ ಆಸೆ. ಇವು ಮೂರೂ ಕೈಗೂಡದ ಗಂಡಸಿಗೆ ಐವತ್ತು ದಾಟಿದ ಮೇಲೆ ಬಂದೂಕಿನ ಆಸೆ ಹುಟ್ಟುತ್ತದೆ. ನಿಮಗಿನ್ನೂ ಹುಟ್ಟಿಲ್ಲವೆಂದರೆ ಒಂದೋ ನಿಮಗೆ ಐವತ್ತಾಗಿಲ್ಲ, ಇಲ್ಲವೇ ನಿಮ್ಮ ಮನೆಯಲ್ಲಿ ನಿಮ್ಮ ಮಾತು ನಡೆಯುತ್ತದೆ. ಎರಡನೆಯದನ್ನು ನಾನು ನಂಬುವುದಿಲ್ಲ.

ಇಂಥ ಆಸೆಗೆ ಕೂಡ್ಲಿಗಿ ತಕ್ಕ ಊರೇನಲ್ಲ. ಗಾಂಧೀಜಿಯ ಚಿತಾಭಸ್ಮವಿರುವ ಹುತಾತ್ಮರ ಸ್ಮಾರಕ ನಮ್ಮೂರಲ್ಲೇ ಇದೆ. ಲೈಸೆನ್ಸ್ ಕೇಳೋಣವೆಂದರೆ, ಕೊಡಬೇಕಾದ ವಿಜಯನಗರ ಜಿಲ್ಲೆ ಉದ್ಘಾಟನೆಯಾದದ್ದೂ 2021ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನವೇ. ಹಿಂದೆಯೂ ಮಹಾತ್ಮ, ಮುಂದೆಯೂ ಮಹಾತ್ಮ. ನಡುವೆ ನನ್ನ ಮೀಸೆ.

ಕಾರಣವಿಲ್ಲದೆ ಮೀಸೆ ಎದ್ದು ನಿಲ್ಲುವುದಿಲ್ಲ ನೋಡಿ. ಬೇಸಿಗೆಯಲ್ಲಿ ನಮ್ಮ ಕಡೆ ಊರಿಗೆ ಊರೇ ಮಾಳಿಗೆ ಮೇಲೆ ಮಲಗುತ್ತದೆ. ಮೇಲೆ ಗೊರಕೆ, ಕೆಳಗೆ ಮನೆ ಖಾಲಿ. ಹಿಂದಿನ ಓಣಿಯಲ್ಲಿ ಯಾರದೋ ಮನೆಯಿಂದ ಒಂದು ಗ್ಯಾಸ್ ಸಿಲಿಂಡರು, ಎರಡು ಹಿತ್ತಾಳೆ ಕೊಡ ಹೋದವು. ಬೆಳಗಾಗುವುದರೊಳಗೆ ವಾಟ್ಸಾಪಿನಲ್ಲಿ ಸಿಲಿಂಡರು ಬೀರುವಾಯಿತು, ಕೊಡ ಬಂಗಾರದ ಸರವಾಯಿತು, ಕದ್ದವರು ಚಡ್ಡಿ ಗ್ಯಾಂಗ್ ಆದರು. ಮಧ್ಯಾಹ್ನ ಚಾದಂಗಡಿಯಲ್ಲಿ ವಗ್ಗರಣಿ-ಮಿರ್ಚಿ ತಿನ್ನುತ್ತಿದ್ದವರೊಬ್ಬರು ಗುಡೇಕೋಟೆ ಕರಡಿಧಾಮದ ಕಡೆಯಿಂದ ಕರಡಿಯೊಂದು ಗುಡಿಯ ದೀಪದೆಣ್ಣೆ ನೆಕ್ಕಿ ಹೋಯಿತೆಂಬ ಸುದ್ದಿಯನ್ನೂ ಸೇರಿಸಿದರು. ಕಳ್ಳ ಒಂದು ಕಡೆ, ಕರಡಿ ಒಂದು ಕಡೆ. ನಾನು ಇನ್ನೊಂದು ಮಿರ್ಚಿ ಹೇಳಿ ತೀರ್ಮಾನ ಮಾಡಿಬಿಟ್ಟೆ.

ರಾತ್ರಿ ಊಟಕ್ಕೆ ಕೂತಾಗ ವಿಷಯ ಮಂಡಿಸಿದೆ. "ಬಂದೂಕು ತಗೋಬೇಕಂತ ಮಾಡೀನಿ."

ನಮ್ಮಾಕಿ ರೊಟ್ಟಿ ತಿರುವಿ ಹಾಕುತ್ತಾ, "ಯಾರಿಗೆ?" ಎಂದಳು.

"ಯಾರಿಗೆ ಅಂದ್ರ? ಕಳ್ಳರಿಗೆ!"

"ಕಳ್ಳರಿಗೆ ನಾವ್ಯಾಕ ಬಂದೂಕು ಕೊಡಿಸ್ಬೇಕು?"

ಒಂದು ಮಾತು ಮೊದಲೇ ಹೇಳಿಬಿಡಬೇಕು. ನಮ್ಮಾಕಿಯ ತವರು ಗುಡೇಕೋಟೆ. ಹೈದರಾಲಿಯ ಸೈನಿಕರನ್ನು ಚಿತ್ರದುರ್ಗದ ಕಿಂಡಿಯಲ್ಲಿ ಒಬ್ಬೊಬ್ಬರನ್ನಾಗಿ ಬಡಿದು ಹಾಕಿದ ಒನಕೆ ಓಬವ್ವ ನಮ್ಮೂರ ಮಗಳು ಅಂತ ಗುಡೇಕೋಟೆಯವರು ಎದೆ ತಟ್ಟಿ ಹೇಳುತ್ತಾರೆ. ಸರ್ಕಾರವೂ 2021ರಿಂದ ನವೆಂಬರ್ 11ರಂದು ಓಬವ್ವನ ಜಯಂತಿ ಮಾಡುತ್ತಿದೆ. ಆ ಊರಿನ ಹೆಣ್ಣನ್ನು ಮದುವೆಯಾದವನು ಮನೆ ಕಾಯಲು ಬೇರೆ ಏರ್ಪಾಡು ಮಾಡುವುದೆಂದರೆ ಬೀಗರಿಗೆ ಅವಮಾನ. "ನಮ್ಮ ಓಬವ್ವ ಲೈಸೆನ್ಸ್ ತಗೊಂಡಿದ್ಲೇನು?" ಎಂದು ನಮ್ಮಾಕಿ ಕೇಳಿದಳು. ಈಗ ಮನೆಯಲ್ಲಿ ಒನಕೆ ಎಲ್ಲಿದೆ, ಇರುವುದು ಮಿಕ್ಸರ್, ಅದನ್ನೆತ್ತಿ ಹೊಡೆಯೋಣವೆಂದರೆ ವೈರು ಬಾಗಿಲ ತನಕ ಬರುವುದಿಲ್ಲ ಎಂದು ನಾನು ತರ್ಕ ಹೂಡಿದೆ. ನಮ್ಮವ್ವ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟು, "ಬಂದೂಕು ಆಮ್ಯಾಲಿರ್ಲಿ ತಮ್ಮಾ, ಹಿತ್ತಲ ಬಾಗ್ಲಿಗೆ ಚಿಲಕ ಹಾಕ್ಸು" ಎಂದಳು. ಇಂಥ ಸಣ್ಣಪುಟ್ಟ ಮಾತಿಗೆ ನಾನು ಉತ್ತರ ಕೊಡುವುದಿಲ್ಲ.

ಬಂದೂಕಿನ ಬಗ್ಗೆ ನಮ್ಮ ಬಳಗದಲ್ಲಿ ತಿಳಿದವರೆಂದರೆ ಹರಪನಹಳ್ಳಿ ಕಡೆಯ ಸೋದರಮಾವ ಒಬ್ಬರೇ. ಮೆಕ್ಕೆಜೋಳಕ್ಕೆ ಹಂದಿ ಬೀಳುತ್ತವೆಂದು ಅವರಪ್ಪನ ಕಾಲದಲ್ಲೇ ಬೆಳೆ ರಕ್ಷಣೆಗೆ ಪಡೆದ ಲೈಸೆನ್ಸು. ಪಡಸಾಲೆಯ ಗೂಟಕ್ಕೆ ನೇತುಹಾಕಿದ ಬಂದೂಕು ನೋಡಿಯೇ ಚಿಕ್ಕಂದಿನಲ್ಲಿ ನಾನು ಆ ಮನೆಯಲ್ಲಿ ಚಡ್ಡಿ ಒದ್ದೆ ಮಾಡಿಕೊಂಡದ್ದು. ಈಗ ಹೋದರೆ ಗೂಟದಲ್ಲಿ ಟವೆಲ್ ನೇತಾಡುತ್ತಿತ್ತು.

"ಬಂದೂಕು ಎಲ್ಲಿ ಮಾವ?"

"ಠಾಣೇದಾಗೈತಿ. ಎಲೆಕ್ಷನ್ ಬಂತಲ್ಲ, ಜಮಾ ಮಾಡೀನಿ."

"ಎಲೆಕ್ಷನ್ ಮುಗದು ಎಷ್ಟು ದಿನಾತು!"

"ಬಿಡಿಸ್ಕೊಂಡು ಬರೋದ್ರಾಗ ಇನ್ನೊಂದು ಬರ್ತತಿ. ಪಂಚಾಯ್ತಿದು, ವಿಧಾನಸಭೇದು, ಲೋಕಸಭೇದು. ಅಲ್ಲೇ ಇರ್ಲಿ, ಕಾಯಾಕ ಪೊಲೀಸರು ಅದಾರ."

ಮನೆ ಕಾಯಲು ಬಂದೂಕು, ಬಂದೂಕು ಕಾಯಲು ಪೊಲೀಸರು. ಮಾವನ ಮನೆಯಲ್ಲಿ ಉಳಿದದ್ದು ಠಾಣೆಯ ರಸೀದಿ. ಅದನ್ನೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ದೇವರ ಫೋಟೊ ಹಿಂದೆ ಇಟ್ಟಿದ್ದರು.

ಲೈಸೆನ್ಸ್ ಪುಸ್ತಕದ ಕಥೆ ಇನ್ನೂ ದೊಡ್ಡದು. ಬಳ್ಳಾರಿ ಜಿಲ್ಲೆಯಲ್ಲಿದ್ದ ಹರಪನಹಳ್ಳಿ 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು. ಸಂವಿಧಾನದ 371(ಜೆ) ವಿಧಿಯ ಸವಲತ್ತು ಬೇಕೆಂದು 2018ರಲ್ಲಿ ವಾಪಸ್ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರಕ್ಕೆ ಸೇರಿತು. ಇಷ್ಟೂ ಕಾಲ ಮಾವ ಕಟ್ಟೆ ಬಿಟ್ಟು ಕದಲಿದವರಲ್ಲ. ಅವರ ಬಂದೂಕಿನ ಕಾಗದಪತ್ರಗಳು ಮಾತ್ರ ಬಳ್ಳಾರಿ, ದಾವಣಗೆರೆ, ಮತ್ತೆ ಬಳ್ಳಾರಿ, ಆಮೇಲೆ ಹೊಸಪೇಟೆ ಎಂದು ಸೀಲು ಹೊಡೆಸಿಕೊಳ್ಳುತ್ತಾ ತಿರುಗಿದವು. "ನನಗಿಂತ ಅದ ಜಾಸ್ತಿ ಊರು ನೋಡೇತಿ" ಎಂದು ಮಾವ ಹೆಮ್ಮೆಯಿಂದಲೇ ಹೇಳಿದರು. ಹಂದಿ ಹೊಡೆದ ಲೆಕ್ಕ ಕೇಳಿದೆ. ಅವರು ಎಲೆಅಡಿಕೆ ಚೀಲ ಬಿಚ್ಚಿ ಸುಣ್ಣ ಹುಡುಕತೊಡಗಿದರು.

ಅದು ಕೇಪಿನ ನಾಡಬಂದೂಕು. ಹೊಡೆಯುವ ಬಗೆಯನ್ನು ಮಾವ ಬಡಿಗೆಯೊಂದನ್ನು ಹಿಡಿದೇ ತೋರಿಸಿದರು. ಮೊದಲು ನಳಿಗೆಗೆ ಮದ್ದು ಸುರಿಯಬೇಕು. ಮೇಲೆ ತೆಂಗಿನ ನಾರು ತುರುಕಬೇಕು. ಗಜ ಹಾಕಿ ಜಡಿಯಬೇಕು. ಆಮೇಲೆ ಚರೆ, ಮತ್ತೆ ನಾರು, ಮತ್ತೆ ಗಜ. ಕೊನೆಗೆ ಕೇಪು ಇಟ್ಟು, ಕುದುರೆ ಎಳೆದು, ಗುರಿ ಹಿಡಿದು, ಒತ್ತಬೇಕು. ಒಂದು ಈಡಿಗೆ ಇಷ್ಟು. ನನ್ನ ಕಣ್ಣ ಮುಂದೆ ಚಿತ್ರ ಬಂತು: ಕಳ್ಳ ಒಳಗೆ ಬಂದಿದ್ದಾನೆ, ನಾನು ನಾರು ಹುಡುಕುತ್ತಿದ್ದೇನೆ, ನಮ್ಮಾಕಿ ಅವನಿಗೆ "ಕುಂದರ್ರಿ, ಇವರ್ದು ಸ್ವಲ್ಪ ಲೇಟಾಗ್ತತಿ" ಎಂದು ಚಾ ಕೊಡುತ್ತಿದ್ದಾಳೆ. ಅವಳು ಕೊಡುವವಳೇ.

ಹಾಗಾಗಿ ನಾಡಬಂದೂಕು ಕೈಬಿಟ್ಟೆ. ಜೋಡುನಳಿಗೆ ತೋಟಾ ಬಂದೂಕು ಗತ್ತಿನದು, ಆದರೆ ನಮ್ಮ ಪಡಸಾಲೆಯ ಅಗಲಕ್ಕೆ ಅದನ್ನು ಹಿಡಿದು ತಿರುಗಿದರೆ ಟಿವಿ ಉಳಿಯುವುದಿಲ್ಲ. ಕೊನೆಗೆ ಮನಸ್ಸು ನಿಂತದ್ದು ರಿವಾಲ್ವರಿನ ಮೇಲೆ. ಕಾನ್ಪುರದ ಫೀಲ್ಡ್ ಗನ್ ಫ್ಯಾಕ್ಟರಿಯವರು 2014ರಲ್ಲಿ ನಿರ್ಭೀಕ್ ಎಂಬ 0.32 ಬೋರಿನ ರಿವಾಲ್ವರ್ ಬಿಟ್ಟರು. ಹೆಂಗಸರ ಕೈಗೆ ಹಗುರವಾಗಲೆಂದು ಮಾಡಿದ್ದು, ಅರ್ಧ ಕಿಲೋ ತೂಕ. ನನಗೂ ಸರಿಹೋಗುತ್ತದೆ ಅನಿಸಿತು. ಆಗಿನ ಬೆಲೆಯೇ 1 ಲಕ್ಷ 22 ಸಾವಿರ. 2019ರ ತಿದ್ದುಪಡಿ ಆದ ಮೇಲೆ ಒಬ್ಬನು ಎರಡು ಬಂದೂಕು ಮಾತ್ರ ಇಟ್ಟುಕೊಳ್ಳಬಹುದು, ಮೊದಲು ಮೂರಿತ್ತು, ಲೈಸೆನ್ಸ್ ಅವಧಿ ಮೂರರಿಂದ ಐದು ವರ್ಷವಾಗಿದೆ ಎಂದೆಲ್ಲ ನಾನು ವಿವರಿಸುತ್ತಿದ್ದರೆ ನಮ್ಮಾಕಿ 1 ಲಕ್ಷ 22 ಸಾವಿರದ ಹತ್ತಿರವೇ ನಿಂತಿದ್ದಳು.

"ಆವಾಗಿನ ರೇಟಿಗೆ ನಾಕು ತೊಲಿ ಬಂಗಾರ ಬರ್ತಿತ್ತು."

"ಬಂಗಾರ ಇದ್ರ ಕಾಯೋರು ಯಾರು? ಅದಕ್ಕ ಬಂದೂಕು."

"ಇರೋ ಬಂಗಾರ ಎಲ್ಲೈತಿ ಅನ್ನೋದು ನೆನಪೈತೇನು?"

ನೆನಪಿತ್ತು. ಹೊಲದಲ್ಲಿ ಬೋರು ಕೊರೆಸಲು ಬ್ಯಾಂಕಿನಲ್ಲಿ ಅಡವಿಟ್ಟಿದ್ದೆ. ಬೋರಿನಲ್ಲಿ ನೀರು ಬರಲಿಲ್ಲ, ಬ್ಯಾಂಕಿನಿಂದ ಬಂಗಾರವೂ ಬರಲಿಲ್ಲ. ಆ ಬ್ಯಾಂಕಿನ ಬಾಗಿಲಲ್ಲಿ ಜೋಡುನಳಿಗೆ ಹಿಡಿದು ನಿವೃತ್ತ ಯೋಧರೊಬ್ಬರು ಸ್ಟೂಲಿನ ಮೇಲೆ ಕೂತಿರುತ್ತಾರೆ. ಅಂದರೆ ನಮ್ಮ ಬಂಗಾರಕ್ಕೆ ಆಗಲೇ ಬಂದೂಕಿನ ಕಾವಲಿದೆ, ಬಡ್ಡಿ ಕಟ್ಟುತ್ತಿರುವವನು ನಾನು. ಮನೆಯಲ್ಲಿ ಕಾಯಬೇಕಾದದ್ದೇನು ಎಂದು ಸುತ್ತ ನೋಡಿದೆ. ಹಳೆಯ ಸೈಕಲ್, ಎರಡು ಚೀಲ ಶೇಂಗಾ, ನಾನು.

ಇದಕ್ಕೆಲ್ಲ ಎದೆಗುಂದುವವನಲ್ಲ. ಕಾನೂನು ಕೇಳಿಬರಲು ಹಗರಿಬೊಮ್ಮನಹಳ್ಳಿಯ ವಕೀಲ ಗೆಳೆಯನ ಹತ್ತಿರ ಹೋದೆ. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ರವರೆಗೆ ಆತ್ಮರಕ್ಷಣೆಯ ಕಲಮುಗಳಿವೆ, ಆದರೆ ಬೇಕಾದ್ದಕ್ಕಿಂತ ಜಾಸ್ತಿ ಬಲ ಹಾಕುವಂತಿಲ್ಲ ಎಂದ. "ಕಳ್ಳ ಬರಿಗೈಲೆ ಓಡಿ ಹೊಂಟಿದ್ರ ಹೊಡೀಬ್ಯಾಡ, ನೀನ ಒಳಗ ಹೋಗ್ತಿ."

"ಮತ್ತ ಎದುರಿಗೇ ಬಂದ್ರ?"

"ಆವಾಗ ನೀನ ಓಡ್ತಿಯಲ್ಲ."

ಕರಡಿಯ ಮಾತೆತ್ತಿದೆ. 1972ರ ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ ಅದರ ಹೆಸರಿದೆಯಂತೆ. ಜೀವಕ್ಕೇ ಬಂತು, ಬೇರೆ ದಾರಿಯಿರಲಿಲ್ಲ ಎಂದು ನಾನು ರುಜುವಾತು ಮಾಡಬೇಕಂತೆ. ಇಲ್ಲವಾದರೆ ಕರಡಿ ಸ್ವರ್ಗಕ್ಕೆ, ನಾನು ಬಳ್ಳಾರಿ ಜೈಲಿಗೆ. ಅನುಸೂಚಿಯಲ್ಲಿ ನನ್ನಂಥ ಹೈಸ್ಕೂಲು ಗುಮಾಸ್ತನ ಹೆಸರಿದೆಯೇ ಎಂದು ಕೇಳಬೇಕೆನಿಸಿತು, ಫೀಸು ನೆನಪಾಗಿ ಸುಮ್ಮನಾದೆ.

ಅರ್ಜಿ ಈಗ ಆನ್‌ಲೈನ್. ಸೈಬರ್ ಸೆಂಟರಿನಲ್ಲಿ ರೇಷನ್ ಕಾರ್ಡಿಗೆ ಬೆರಳು ಒತ್ತಲು ಬಂದವರ ಸಾಲೇ ಇತ್ತು. ಗುಟ್ಟಾಗಿ ಹುಡುಗನ ಕಿವಿಯಲ್ಲಿ ಹೇಳಿದೆ. ಅವನಿಗೆ ಗುಟ್ಟೆಂಬುದೇ ಗೊತ್ತಿಲ್ಲ.

"ಬಂದೂಕಿನ ಲೈಸೆನ್ಸಾ ಸರ್? ನಿಮಗಾ?"

ಸಾಲು ತಿರುಗಿ ನೋಡಿತು. ನಾನು ಮೀಸೆ ಸರಿಮಾಡಿಕೊಂಡೆ.

"ಯಾತಕ್ಕಂತ ಹಾಕ್ಲಿ? ಸ್ವಯಂ ರಕ್ಷಣೆ? ನಿಮಗ ಯಾರಿಂದ ಸರ್ ಬೆದರಿಕೆ? ಹೆಸರು ಹೇಳ್ರಿ, ಆಮ್ಯಾಲ ಪೊಲೀಸ್ನೋರು ಕೇಳ್ತಾರ."

ಯೋಚಿಸಿದೆ. ಇಷ್ಟು ವರ್ಷ ಬಾಳಿ ಒಬ್ಬ ವೈರಿಯನ್ನೂ ಸಂಪಾದಿಸಿಲ್ಲ. ಊರಿನಲ್ಲಿ ನನ್ನನ್ನು ಕೊಲ್ಲುವಷ್ಟು ಮಹತ್ವ ಯಾರೂ ಕೊಟ್ಟಿಲ್ಲ. ಈ ಸತ್ಯ ಒಂದು ಸೈಬರ್ ಸೆಂಟರಿನಲ್ಲಿ, ಇಪ್ಪತ್ತು ಜನರ ಎದುರಿಗೆ ಗೊತ್ತಾಗಬಾರದಿತ್ತು. ಸಾಲಿನಲ್ಲಿದ್ದ ಹಿರಿಯರೊಬ್ಬರಿಗೆ ನನ್ನ ಮುಖ ನೋಡಿ ಕನಿಕರವಾಯಿತು. "ಬೇಕಾದ್ರ ನನ್ನ ಹೆಸರು ಬರ್ಸ್ರಿ ಗುಮಾಸ್ತರ. ನಮ್ಮ ಮೊಮ್ಮಗನ ಟೀಸಿಗೆ ಎರಡು ಸಲ ತಿರುಗ್ಯಾಡ್ಸೀರಿ ನೀವು" ಎಂದರು. ಇನ್ನೊಬ್ಬಾಕೆ, "ನಂದೂ ಬರ್ಸ್ರಿ, ಸ್ಕಾಲರ್‌ಶಿಪ್ಪಿನ ಫಾರಂ ಕಳದೋರು ಇವರ" ಎಂದಳು. ಹೈಸ್ಕೂಲು ಗುಮಾಸ್ತನಿಗೆ ವೈರಿಗಳಿಲ್ಲ ಎಂದುಕೊಂಡದ್ದೇ ತಪ್ಪಾಯಿತು. ಹುಡುಗ ಟೈಪು ಮಾಡಲು ಕೀಬೋರ್ಡ್ ಹತ್ತಿರ ಎಳೆದುಕೊಂಡ. ನಾನು ಆಧಾರ್ ಕಾರ್ಡ್ ಕಿತ್ತುಕೊಂಡು ಹೊರಬಿದ್ದೆ.

ಅರ್ಜಿಗೆ ಬೇಕಾದ ಫೋಟೊ ಮಾತ್ರ ತೆಗೆಸಿಬಿಟ್ಟಿದ್ದೆ. ಬಂದೂಕು ಹಿಡಿಯುವವನ ಮುಖದಲ್ಲಿ ಸಿಟ್ಟಿರಬೇಕೆಂದು ಹುಬ್ಬು ಗಂಟಿಕ್ಕಿ, ತುಟಿ ಕಚ್ಚಿ ಕೂತೆ. ಸ್ಟುಡಿಯೊದವನು ಕ್ಯಾಮೆರಾದಿಂದ ಕಣ್ಣು ತೆಗೆದು, "ಮೆಡಿಕಲ್ ರಜಾಕ್ಕೇನ್ ಸರ್?" ಎಂದ. ಡಾಕ್ಟರ ಸರ್ಟಿಫಿಕೇಟೂ ಬೇಕಲ್ಲ, ದೇಹ ಮನಸ್ಸು ಎರಡೂ ನೆಟ್ಟಗಿವೆ ಎಂದು. ಡಾಕ್ಟರು ಮನಸ್ಸಿನ ಬಗ್ಗೆ ಮನೆಯವರನ್ನು ಕೇಳಬೇಕೆಂದರು. ನಮ್ಮಾಕಿ ಬಂದು, "ಇವರಿಗೆ ಸಿಟ್ಟು ಬರ್ತತಿ ಡಾಕ್ಟರೇ, ಆದ್ರ ಯಾರಿಗೂ ಗೊತ್ತಾಗಂಗಿಲ್ಲ" ಎಂದಳು. ಬಂದೂಕಿಗೆ ಇದಕ್ಕಿಂತ ಒಳ್ಳೆಯ ಶಿಫಾರಸು ಸಿಗಲಿಕ್ಕಿಲ್ಲ. ಆದರೂ ಬೀಪಿ ನೋಡಿದ ಡಾಕ್ಟರು ಬಂದೂಕಿನ ಬದಲು ಗುಳಿಗೆ ಬರೆದುಕೊಟ್ಟರು.

ಇಂಥ ಹೊತ್ತಿನಲ್ಲಿ ಕೊಡಗಿನವರ ಮೇಲೆ ಹೊಟ್ಟೆಕಿಚ್ಚಾಗುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿಯವರಿಗೂ ಲೈಸೆನ್ಸಿನಿಂದ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದೆ, ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ. ನಮ್ಮ ಮನೆಯ ಆಯುಧಪೂಜೆಗೆ ಹಡಗಲಿ ಮಲ್ಲಿಗೆ ಬೇಕಾದಷ್ಟು ಬರುತ್ತದೆ. ಏರಿಸಬೇಕಾದದ್ದು ಕುಡುಗೋಲಿಗೆ, ಈಳಿಗೆಮಣೆಗೆ, ಮಿಕ್ಸರಿಗೆ. ಹೂವಿಗೇ ನಾಚಿಕೆ.

ಆ ನಾಚಿಕೆ ಕಳೆಯಲೆಂದೇ ಏರ್ ಗನ್ ತಂದದ್ದು. 0.177 ಇಂಚಿನ ನಳಿಗೆ, 20 ಜೂಲ್ ಒಳಗಿನ ಬಲ, ಇಷ್ಟಕ್ಕೆ 2016ರ ಆಯುಧ ನಿಯಮಗಳಲ್ಲಿ ಲೈಸೆನ್ಸ್ ಬೇಡ. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬೆಡ್‌ಶೀಟು ಸುತ್ತಿ ತಂದೆ. ಕಂಡಕ್ಟರು ಲಗೇಜು ಹಾಕಲಿಲ್ಲ, "ಫ್ಯಾನಿನ ರಾಡಾ?" ಎಂದು ಕೇಳಿ ಸುಮ್ಮನಾದ. ಅದೊಂದು ಸಣ್ಣ ನೋವು.

ಮರುದಿನ ಮಾಳಿಗೆಯಲ್ಲಿ ತಾಲೀಮು. ಪೊಲೀಸರ ನಾಗರಿಕ ಬಂದೂಕು ತರಬೇತಿಯಲ್ಲಿ ಬೋರಲು ಮಲಗಿ ಹೊಡೆಸುತ್ತಾರೆಂದು ಕೇಳಿದ್ದೆ. ಬೋರಲು ಮಲಗಿದೆ. ಹೊಟ್ಟೆ ನೆಲ ಮುಟ್ಟಿತು, ಉಳಿದ ಅಂಗಗಳು ಮುಟ್ಟಲಿಲ್ಲ. ಪ್ಯಾರಪೆಟ್ ಗೋಡೆಯ ಮೇಲೆ ತೆಂಗಿನ ಚಿಪ್ಪಿಟ್ಟು ಹೊಡೆದೆ. ಚಿಪ್ಪು ಹಾಗೇ ಇತ್ತು. ಒಂದು ಗಳಿಗೆ ಕಳೆದು ಪಕ್ಕದ ಮನೆಯ ಮಾಳಿಗೆಯಿಂದ ನೀರು ಸುರಿಯುವ ಸದ್ದು ಕೇಳಿತು. ಅವರ ಟ್ಯಾಂಕಿನ ನಡುಹೊಟ್ಟೆಯಲ್ಲಿ ಸಣ್ಣ ತೂತು, ಅದರಿಂದ ಬಿಲ್ಲಿನಾಕಾರದಲ್ಲಿ ಚಿಮ್ಮುವ ನೀರು. ನಳದ ನೀರು ವಾರಕ್ಕೊಮ್ಮೆ ಬರುವ ಓಣಿ ನಮ್ಮದು. ಎಂ-ಸೀಲ್ ತರುವ ತನಕ ನಾನೇ ಬೆರಳಿಟ್ಟು ಕೂತೆ. ಪಕ್ಕದ ಮನೆಯಾಕೆ ಕೆಳಗಿನಿಂದ, "ಅಣ್ಣಾರ, ಅಲ್ಲೇ ಕುಂತೀರಲ್ಲ, ಹಂಗ ಕಳ್ಳರ ಬಂದ್ರ ನೋಡ್ರಿ" ಎಂದಳು.

ನಾನು ಬೆರಳಿಟ್ಟು ಕೂತಿದ್ದಾಗಲೇ ಮಂಗಗಳು ಬಂದವು. ನಮ್ಮ ಮಾಳಿಗೆಯ ಸೀರೆ ಮೇಲೆ ಅವ್ವ ಸಂಡಿಗೆ ಒಣಹಾಕಿದ್ದಳು. ಆಚೆ ಏರ್ ಗನ್, ಈಚೆ ನಾನು, ನಡುವೆ ಸಂಡಿಗೆ. ಮುಂದಾಳು ಮಂಗ ಗನ್ನನ್ನು ಎತ್ತಿ ಮೂಸಿ ನೋಡಿ ಕೆಳಗಿಟ್ಟು ಸಂಡಿಗೆಯ ಕಡೆ ಹೊರಟಿತು. ವಸ್ತುವಿನ ಬೆಲೆ ಅದಕ್ಕೆ ನನಗಿಂತ ಬೇಗ ತಿಳಿಯಿತು. ನಾನು ಹುಶ್ ಹುಶ್ ಎಂದೆ. ಅವು ಅಲ್ಲೇ ಕೂತು ತಿಂದವು.

ಆಗ ಮೆಟ್ಟಿಲು ಹತ್ತಿ ಅವ್ವ ಬಂದಳು. ಎಪ್ಪತ್ತೈದರ ಮುದುಕಿ, ಹಡಗಲಿ ಕಡೆಯ ಹಳ್ಳಿಯಲ್ಲಿ ಅಟ್ಟಣಿಗೆ ಹತ್ತಿ ಜೋಳದ ಹೊಲದ ಹಕ್ಕಿ ಕಾಯ್ದವಳು. ಕೈಯಲ್ಲಿ ಕವಣೆ. ನಾಗಂದಿಗೆಯ ಮೇಲಿಂದ ಅದನ್ನು ಯಾವಾಗ ತೆಗೆದಳೋ! ಮಡಿಲಿಂದ ಕಲ್ಲು ತೆಗೆದು ಹುರಿಯ ನಡುವಿನ ಪಟ್ಟಿಗೆ ಇಟ್ಟಳು, ಒಂದೆಳೆಯನ್ನು ಬೆರಳಿಗೆ ಸಿಕ್ಕಿಸಿದಳು, ಇನ್ನೊಂದನ್ನು ಹೆಬ್ಬೆರಳಲ್ಲಿ ಅಮುಕಿ ತಲೆಯ ಮೇಲೆ ಎರಡು ಸುತ್ತು ತಿರುವಿ ಬಿಟ್ಟಳು. ಫಟೀರ್ ಎಂಬ ಸದ್ದು. ಕಲ್ಲು ಮುಂದಾಳು ಮಂಗದ ಪಕ್ಕದ ಗೋಡೆಗೆ ಬಡಿದು ಪುಡಿಯಾಯಿತು. ಮಂಗಗಳು ಗುಡಿಯ ಗೋಪುರ ಸೇರಿಕೊಂಡವು. "ಬೇಕಂತನ ಪಕ್ಕಕ್ಕ ಹೊಡದೆ, ಹನುಮಪ್ಪ ಅಲ್ಲೇನು" ಎಂದು ಅವ್ವ ಉಳಿದ ಸಂಡಿಗೆ ಆರಿಸತೊಡಗಿದಳು. ಲೈಸೆನ್ಸಿಲ್ಲ, ತೋಟಾ ಇಲ್ಲ, ಎಲೆಕ್ಷನ್ನಿಗೆ ಜಮಾ ಮಾಡುವ ರಗಳೆ ಇಲ್ಲ. ನಾನು ಟ್ಯಾಂಕಿನಿಂದ ಬೆರಳು ತೆಗೆಯುವಂತಿರಲಿಲ್ಲ, ಹಾಗಾಗಿ ಚಪ್ಪಾಳೆ ಹೊಡೆಯಲಾಗಲಿಲ್ಲ.

ಗನ್ನಿಗೆ ಮಾನ ಉಳಿಸಿಕೊಳ್ಳುವ ಅವಕಾಶ ಒಂದು ಸಲ ಬಂತು. ಅಮಾವಾಸ್ಯೆ ಸಮೀಪದ ರಾತ್ರಿ, ಕರೆಂಟಿಲ್ಲ. ಕೆಳಗೆ ಅಡುಗೆಮನೆಯಲ್ಲಿ ಡಬ್ಬಿ ಸರಿದ ಸದ್ದು. ನಮ್ಮಾಕಿ ಮೊಣಕೈಲಿ ತಿವಿದು, "ಹೋಗ್ರಿ, ತಂದೀರಲ್ಲ" ಎಂದಳು. ಗನ್ ಹಿಡಿದು ಮೆಟ್ಟಿಲಿಳಿದೆ. ಮೊಣಕಾಲಿನ ಲಟಲಟ ನನಗೇ ಕೇಳುತ್ತಿತ್ತು. ಹಿತ್ತಲ ಬಾಗಿಲು ಅರೆ ತೆರೆದಿತ್ತು. ಕತ್ತಲಲ್ಲಿ ಯಾರೋ ಬಗ್ಗಿ ನಿಂತಿದ್ದಾರೆ. "ಯಾರದು, ಕೈ ಮ್ಯಾಲೆತ್ತು!" ಎಂದು ಗುಡುಗಬೇಕೆಂದಿದ್ದೆ. ಗಂಟಲಿನಿಂದ ಬಂದದ್ದು "ಯಾ" ಎಂಬಷ್ಟೇ.

"ನಾನಲೇ. ಬ್ಯಾಟರಿ ಹಿಡಿ ಇಲ್ಲಿ. ಮುಚ್ಚಳ ಬಿಗಿ ಆಗೇತಿ."

ಶುಗರ್ ಇರುವ ನಮ್ಮವ್ವ ಶೇಂಗಾ ಉಂಡಿಯ ಡಬ್ಬಿಯೊಂದಿಗೆ ಸೆಣಸುತ್ತಿದ್ದಳು. ಗನ್ ಗೋಡೆಗೊರಗಿಸಿ ನಾನೂ ಮುಚ್ಚಳ ತಿರುವಿದೆ, ಬರಲಿಲ್ಲ. ಅವ್ವ ಗನ್ನಿನ ಹಿಡಿಯಿಂದ ಮುಚ್ಚಳದ ಅಂಚಿಗೆ ಒಂದು ಕೊಟ್ಟಳು, ಬಂತು. ಇಬ್ಬರೂ ನೆಲದ ಮೇಲೆ ಕೂತು ತಿನ್ನುತ್ತಿದ್ದಾಗ ಮೇಲಿಂದ ಮೊಬೈಲ್ ಬೆಳಕು ಬಿತ್ತು. ನಮ್ಮಾಕಿ ಮೆಟ್ಟಿಲ ಮೇಲೆ ನಿಂತು ಕಳ್ಳರಿಬ್ಬರನ್ನೂ ನೋಡಿದಳು. ಆಕೆಯ ಕೈಯಲ್ಲಿ ಲಟ್ಟಣಿಗೆಯಿತ್ತು. ಗುಡೇಕೋಟೆ ರಕ್ತ.

ಅಂದಿನ ಆ ಕತ್ತಲಲ್ಲಿ ಕೈಯಲ್ಲಿ ನಿಜವಾದ ರಿವಾಲ್ವರ್ ಇದ್ದಿದ್ದರೆ ಎಂದು ಯೋಚಿಸಿದಾಗಲೆಲ್ಲ ಬೀಪಿ ಗುಳಿಗೆ ಒಂದು ಜಾಸ್ತಿ ಬೇಕಾಗುತ್ತದೆ. ಅದಕ್ಕೇ ಈ ಮೂಲಕ ತಿಳಿಸುವುದೇನೆಂದರೆ, ಏರ್ ಗನ್ ಒಂದು ಮಾರಾಟಕ್ಕಿದೆ. ಚಿಪ್ಪು, ಮಂಗ, ಕಳ್ಳ ಯಾವುದಕ್ಕೂ ತಾಗಿಲ್ಲ, ಟ್ಯಾಂಕಿಗೆ ಒಂದು ಸಲ, ಡಬ್ಬಿಗೆ ಒಂದು ಸಲ ಬಳಸಿದ್ದು. ಕೊಂಡವರಿಗೆ ಸಿಟ್ಟಿನ ಮುಖದ ನನ್ನ ಪಾಸ್‌ಪೋರ್ಟ್ ಸೈಜಿನ ಫೋಟೊಗಳು ಬಿಟ್ಟಿ, ಬಾಗಿಲಿಗೆ ಅಂಟಿಸಿಕೊಳ್ಳಬಹುದು. ನೋಡಲು ಬರುವವರು ಹಗಲು ಹೊತ್ತಿನಲ್ಲೇ ಬನ್ನಿ, ಹೊರಗಿನಿಂದಲೇ ಕೂಗಿ. ಕವಣೆ ಇನ್ನೂ ನಾಗಂದಿಗೆಗೆ ವಾಪಸ್ ಹೋಗಿಲ್ಲ.